ಹೊಸ ಫ್ರಿಜ್ಜು, ಐಸ್ ಮೇಕರ್, ಅಡುಗೆಮನೆ ತುಂಬ ನೀರು: ಗೊತ್ತಿದ್ದೋರು ಹೇಳ್ರಪ್ಪ

ಸಾಲಗಾಮೆ_ರೋಡ್_ಮೇಡಂ, ಹಾಸನ
ಎಲ್ಲರಿಗೂ ನಮಸ್ಕಾರ. ಹದಿನೈದು ದಿನದ ಹಿಂದೆ ಮಗಳು ಹಠ ಮಾಡಿ ಎರಡು ಬಾಗಿಲಿನ ದೊಡ್ಡ ಫ್ರಿಜ್ಜು ಕೊಡಿಸಿದ್ಲು. ತಾನೇ ನೀರು ಎಳ್ಕೊಂಡು ತಾನೇ ಐಸ್ ಮಾಡೋ ಥರದ್ದು. ಹಳೇದು ಹದಿನೆಂಟು ವರ್ಷ ದುಡಿದು ಈಗ ವರಾಂಡದಲ್ಲಿ ಕೂತಿದೆ. ಹೊಸದನ್ನ ಕೂರಿಸೋಕೆ ಬಂದ ಹುಡುಗ ಇಪ್ಪತ್ತೇ ನಿಮಿಷದಲ್ಲಿ ಸಿಂಕ್ ಕೆಳಗಿನ ನಲ್ಲಿಗೆ ಬಿಳಿ ಪ್ಲಾಸ್ಟಿಕ್ ಪೈಪು ಸಿಕ್ಕಿಸಿ, ಪ್ಲಗ್ ಹಾಕಿ, ಫೋಟೋ ತಗೊಂಡು ಹೊರಟೇಬಿಟ್ಟ.

ಐಸ್ ಬರುತ್ತೆ. ಆದ್ರೆ ಕೆಲವು ಕಡಲೆಬೀಜದಷ್ಟು, ಕೆಲವು ಒಳಗೆ ಟೊಳ್ಳು. ಬೆಳಿಗ್ಗೆ ನೋಡಿದ್ರೆ ಡಬ್ಬಿಯಲ್ಲಿ ಎಲ್ಲಾ ಅಂಟ್ಕೊಂಡು ಒಂದೇ ಬಂಡೆ. ಹಿಂದುಗಡೆ ನೆಲ ಯಾವಾಗ್ಲೂ ಒದ್ದೆ. ಹಳೇ ಪಂಚೆ ಹಾಸಿ ದಿನಕ್ಕೆ ಎರಡು ಸಲ ಹಿಂಡ್ತಾ ಇದ್ದೀನಿ. ಅಂಗಡಿಗೆ ಫೋನ್ ಮಾಡಿದ್ರೆ "ನೀರಿನ ತೊಂದರೆ ನಮ್ಮದಲ್ಲ" ಅಂತಾರೆ, ಪ್ಲಂಬರ್ ಕೇಳಿದ್ರೆ "ಫ್ರಿಜ್ಜು ನನ್ನ ಕೆಲಸ ಅಲ್ಲ" ಅಂತಾನೆ. ನಮ್ಮದು ನೆಲದ ಮನೆ, ಮೇಲೆ ತಾರಸಿ, ತಾರಸಿ ಮೇಲೆ ಸಿಂಟೆಕ್ಸ್, ಅಷ್ಟೇ. ಐಸ್ ಸರಿಯಾಗಿ ಬೀಳೋ ಹಾಗೆ ಮಾಡೋದು ಹೇಗೆ?

ಮರೆತಿದ್ದೆ: ಬಾಗಿಲ ಹಿಡಿ ಮುಟ್ಟಿದಾಗ ಒಂದೊಂದ್ಸಲ ಜುಮ್ ಅನ್ನುತ್ತೆ. ಹೊಸದಕ್ಕೆ ಹಾಗೇನೋ.

ಬೇಲೂರು_ಬಾಲ
ಹಾಸನದ ಚಳಿಗೆ ಐಸ್ ಯಾಕೆ ಮೇಡಂ? ಡಿಸೆಂಬರಲ್ಲಿ ತಾರಸಿ ಮೇಲೆ ಚೊಂಬಿಟ್ರೆ ಸಾಕು 😄

ಸಾಲಗಾಮೆ_ರೋಡ್_ಮೇಡಂ, ಹಾಸನ
ನಾನೂ ಇದನ್ನೇ ಮಗಳಿಗೆ ಹೇಳಿದ್ದು.

ಪಾನಾ_ಪೈಪು
ಮೇಡಂ, ನಾನು ಪ್ಲಂಬಿಂಗ್ ಕೆಲಸದವನೇ. ಫ್ರಿಜ್ ಕೆಟ್ಟಿಲ್ಲ, ನೀರಿನ ಪ್ರೆಶರ್ ಸಾಲ್ತಿಲ್ಲ. ಜೊತೆಗೆ ಕೊಟ್ಟಿರೋ ಪುಸ್ತಕ ತೆಗೆದು "ವಾಟರ್ ಪ್ರೆಶರ್" ಅಂತ ಎಲ್ಲಿದೆ ನೋಡಿ. ಹೆಚ್ಚಿನವುಗಳಲ್ಲಿ ಕಮ್ಮಿ ಅಂದ್ರೆ 20 ಪಿಎಸ್ಐ (ನೀರಿನ ಒತ್ತಡದ ಅಳತೆ) ಬೇಕು ಅಂತಿರುತ್ತೆ. ನಿಮ್ಮ ಸಿಂಟೆಕ್ಸ್ ತಳದಿಂದ ಫ್ರಿಜ್ ಹಿಂದಿನ ಪೈಪಿಗೆ ಎತ್ತರ 12 ಅಡಿ ಅಂತಿಟ್ಕೊಳ್ಳಿ. ಅಡಿಗೆ 0.43 ಪಿಎಸ್ಐ. ಲೆಕ್ಕ ಹಾಕಿದ್ರೆ 5 ಚಿಲ್ಲರೆ ಅಷ್ಟೇ.

ಫ್ರಿಜ್ ಹಿಂದೆ ಕರೆಂಟಲ್ಲಿ ತೆರೆಯೋ ಒಂದು ವಾಲ್ವ್ ಇದೆ. ಪ್ರತಿ ಸಲ ಕೆಲವೇ ಸೆಕೆಂಡು ತೆರೆದು ಮುಚ್ಕೊಳ್ಳುತ್ತೆ. ಅಷ್ಟರೊಳಗೆ ಅಚ್ಚು ತುಂಬಬೇಕು. ನೀರು ಮೆತ್ತಗೆ ಬಂದ್ರೆ ಅಚ್ಚು ಅರ್ಧ ತುಂಬುತ್ತೆ, ಅದೇ ನಿಮ್ಮ ಕಡಲೆಬೀಜ. ಇನ್ನೊಂದು ತಮಾಷೆ ಏನಂದ್ರೆ, ಆ ವಾಲ್ವ್ ಗಟ್ಟಿಯಾಗಿ ಮುಚ್ಕೊಳ್ಳೋಕೂ ಹಿಂದಿಂದ ನೀರೇ ಒತ್ತಬೇಕು. ಒತ್ತಡ ಇಲ್ಲದಿದ್ರೆ ಪೂರ್ತಿ ಕೂರಲ್ಲ, ಹನಿ ಹನಿ ಒಳಗೆ ಬಿದ್ದು ಡಬ್ಬಿ ಐಸೆಲ್ಲ ಅಂಟಿ ಬಂಡೆ.

ಯಗಚಿ_ದಂಡೆ, ಚಿಕ್ಕಮಗಳೂರು
ಸಿಂಪಲ್. ಟ್ಯಾಂಕನ್ನ ಹತ್ತಡಿ ಎತ್ತರದ ಸ್ಟ್ಯಾಂಡ್ ಮೇಲೆ ಕೂರಿಸಿ. ಪಂಪು ಗಿಂಪು ಎಲ್ಲಾ ದಂಡ.

ಪಾನಾ_ಪೈಪು
ಹತ್ತಡಿಗೆ ಬರೋದು ನಾಲ್ಕು ಚಿಲ್ಲರೆ ಪಿಎಸ್ಐ ಸ್ವಾಮಿ. 20 ಮುಟ್ಟಬೇಕಾದ್ರೆ ಫ್ರಿಜ್‌ನಿಂದ 46 ಅಡಿ ಮೇಲೆ ಟ್ಯಾಂಕ್ ಇರಬೇಕು. ಐಸಿಗೋಸ್ಕರ ಗೋಪುರ ಕಟ್ಟಿಸ್ತೀರಾ?

ಯಗಚಿ_ದಂಡೆ, ಚಿಕ್ಕಮಗಳೂರು
ನಮ್ಮನೆ ಮೂರನೇ ಮಹಡಿ ಟ್ಯಾಂಕು, ಕೆಳಗೆ ಫ್ರಿಜ್ಜು, ಚೆನ್ನಾಗೇ ಬರ್ತಿದೆ. ಹಾಗಾಗಿ ಹೇಳಿದೆ.

ಪಾನಾ_ಪೈಪು
ಮೂರು ಮಹಡಿ ಅಂದ್ರೆ 40 ಅಡಿ ಹತ್ತಿರ ಆಯ್ತಲ್ಲ, ಅದಕ್ಕೇ ಬರ್ತಿದೆ. ಮೇಡಂ ಮನೆಗೂ ನಿಮ್ಮ ಮನೆಗೂ ಹೋಲಿಕೆನೇ?

ಕಡೂರು_ಕೊಬ್ಬರಿ
ನಮ್ಮನೇಲಿ ಪೈಪೇ ಇಲ್ವಲ್ಲ! ಟ್ರೇಗೆ ನೀರು ಸುರಿದು, ಗಟ್ಟಿಯಾದ ಮೇಲೆ ಕಿವಿ ಹಿಂಡಿದ ಹಾಗೆ ತಿರುಗಿಸಿದ್ರೆ ದಡಬಡ ಅಂತ ಡಬ್ಬಿಗೆ ಬೀಳುತ್ತೆ. ಅದಕ್ಕೂ ಐಸ್ ಮೇಕರ್ ಅಂತಲೇ ಹೇಳಿ ಮಾರಿದ್ರು.

ಮೂಡಿಗೆರೆ_ಮಳೆ
ಅಂಗಡಿಯವರು ಎಲ್ಲಕ್ಕೂ ಅದೇ ಹೆಸರು ಹೇಳ್ತಾರೆ ಮಾರಾಯ್ರೆ. ಕೈಯಲ್ಲಿ ತಿರುಗಿಸೋದು ಒಂದು, ಒಳಗಿನ ಡಬ್ಬಿಗೆ ನೀರು ತುಂಬಿದ್ರೆ ತಾನೇ ಮಾಡೋದು ಇನ್ನೊಂದು, ಪೈಪು ಜೋಡಿಸಲೇಬೇಕಾದದ್ದು ಮತ್ತೊಂದು. ತಾರಸಿ ಟ್ಯಾಂಕಿನ ಮನೆಗಳಿಗೆ ಮೊದಲ ಎರಡೇ ವಾಸಿ. ತಗೊಳ್ಳೋ ಮುಂಚೆ ಯಾರೂ ಕೇಳಲ್ಲ, ತಗೊಂಡ ಮೇಲೆ ಎಲ್ಲರೂ ಇಲ್ಲಿಗೆ ಬರ್ತಾರೆ.

ವೈರಿಂಗ್_ಅಣ್ಣ, ಅರಸೀಕೆರೆ
ಇಷ್ಟು ಜನ ಐಸು ಐಸು ಅಂತ ಬರೆದ್ರಿ, ಒಬ್ಬರಾದ್ರೂ ಮೇಡಂ ಬರೆದ ಕೊನೇ ಸಾಲು ಓದಿದ್ರಾ? ಬಾಗಿಲು ಮುಟ್ಟಿದ್ರೆ ಜುಮ್ ಅನ್ನುತ್ತೆ, ಹಿಂದೆ ನೆಲ ಒದ್ದೆ. ಮೇಡಂ, ಮೊದಲು ಸ್ವಿಚ್ ಆಫ್ ಮಾಡಿ. ಸ್ವಿಚ್ ಹತ್ತಿರ ನೀರಿದ್ರೆ ಮೇನೇ ಆಫ್ ಮಾಡಿ. ಕಾಲಿಗೆ ಒಣ ಚಪ್ಪಲಿ ಹಾಕ್ಕೊಂಡು ಹೋಗಿ ಪ್ಲಗ್ ಕಿತ್ತಿಡಿ. ಆ ಪಂಚೆ ಹಿಂಡೋ ಕೆಲಸ ಬರಿಗಾಲಲ್ಲಿ ಇನ್ನೊಂದು ಸಲ ಮಾಡಬೇಡಿ. "ಹೊಸದಕ್ಕೆ ಹಾಗೇ" ಅಂತ ಯಾವ ಫ್ರಿಜ್ಜೂ ಜುಮ್ ಅನ್ನಲ್ಲ.

ಇಂಥದ್ದು ನೂರಕ್ಕೆ ತೊಂಬತ್ತು ಸಲ ಅರ್ಥಿಂಗ್ ಇಲ್ಲದ್ದು. ಸಾಕೆಟ್ಟಲ್ಲಿ ಮೇಲಿನ ದೊಡ್ಡ ತೂತು ಇರುತ್ತೆ, ಅದರ ಹಿಂದೆ ವೈರೇ ಇರಲ್ಲ. ಅಥವಾ ವೈರ್ ಇದ್ರೂ ಅದು ಹೋಗಿ ಸೇರೋ ಹೊರಗಿನ ಅರ್ಥ್ ಗುಂಡಿ ಒಣಗಿ ಧೂಳಾಗಿರುತ್ತೆ.

ಸಾಲಗಾಮೆ_ರೋಡ್_ಮೇಡಂ, ಹಾಸನ
ಅಯ್ಯೋ ದೇವರೇ. ತೆಗೆದೆ, ಪ್ಲಗ್ ಕಿತ್ತಿದ್ದೀನಿ. ಹಾಲು ಪಕ್ಕದ ಮನೆ ಫ್ರಿಜ್ಜಿಗೆ ಹೋಯ್ತು.

ಹಾಸನದ_ಹೈದ
ಇಷ್ಟಕ್ಕೆಲ್ಲ ಗಾಬರಿ ಬೇಡ ಅಕ್ಕ. ಸಾಕೆಟ್ ಬಿಚ್ಚಿ ನ್ಯೂಟ್ರಲ್‌ನಿಂದ ಅರ್ಥ್ ಪಿನ್ನಿಗೆ ಒಂದು ಗೇಣು ವೈರ್ ಸೇರಿಸಿ, ಜುಮ್ ನಿಂತು ಹೋಗುತ್ತೆ. ನಮ್ಮನೇಲಿ ಐದು ವರ್ಷದಿಂದ ಹಂಗೇ ಇದೆ.

ವೈರಿಂಗ್_ಅಣ್ಣ, ಅರಸೀಕೆರೆ
ತಮ್ಮಾ, ದಯವಿಟ್ಟು ಇದನ್ನ ಅಳಿಸು, ಇಲ್ಲಾ ಅಂದ್ರೆ ಜನ ಓದಿ ಮಾಡ್ತಾರೆ. ಜುಮ್ ನಿಲ್ಲುತ್ತೆ ನಿಜ. ಒಂದಿನ ನ್ಯೂಟ್ರಲ್ ಲೂಸ್ ಆಗಿ ಕಡಿದು ಹೋದ್ರೆ ಫ್ರಿಜ್ಜಿನ ಇಡೀ ಮೈಗೆ 230 ವೋಲ್ಟ್ ಬಂದು ಕೂರುತ್ತೆ. ಆಗ ಜುಮ್ ಅನ್ನಲ್ಲ, ಹಿಡ್ಕೊಂಡ ಕೈ ಬಿಡಲ್ಲ. ನಿಮ್ಮನೇದೂ ಇವತ್ತೇ ತೆಗೆಸು.

ಹಾಸನದ_ಹೈದ
ಐದು ವರ್ಷ ಏನೂ ಆಗಿಲ್ವಲ್ಲ ಅಣ್ಣ…

ವೈರಿಂಗ್_ಅಣ್ಣ, ಅರಸೀಕೆರೆ
ಆಗೋದು ಒಂದೇ ಸಲ.

ಹಾಸನದ_ಹೈದ
ಸರಿ ಬಿಡಿ, ನಾಳೆ ಕರೆಸ್ತೀನಿ.

ವೈರಿಂಗ್_ಅಣ್ಣ, ಅರಸೀಕೆರೆ
ಮೇಡಂ, ಎಲೆಕ್ಟ್ರಿಷಿಯನ್ ಬಂದಾಗ ಪಕ್ಕದಲ್ಲೇ ನಿಂತು ನೋಡಿ. ಮೀಟರಲ್ಲಿ ಫೇಸ್‌ನಿಂದ ನ್ಯೂಟ್ರಲ್‌ಗೆ 230 ಆಸುಪಾಸು ಬಂದ್ರೆ, ಫೇಸ್‌ನಿಂದ ಅರ್ಥ್‌ಗೂ ಹತ್ತಿರ ಹತ್ತಿರ ಅಷ್ಟೇ ಬರಬೇಕು. ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ಒಂದೆರಡು ವೋಲ್ಟ್ ಇದ್ರೆ ಚೆನ್ನ. ಬರೀ ಟೆಸ್ಟರ್ ಚುಚ್ಚಿ "ಎಲ್ಲಾ ಸರಿ ಇದೆ" ಅಂದ್ರೆ ಕೇಳಬೇಡಿ. ಫ್ರಿಜ್ಜಿಗೆ ಗೋಡೆಯಿಂದ ನೇರ ಸಾಕೆಟ್, ಎಕ್ಸ್‌ಟೆನ್ಶನ್ ಬಾಕ್ಸ್ ಬೇಡವೇ ಬೇಡ. ಬೋರ್ಡಲ್ಲಿ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ತಾನೇ ಬಿದ್ದು ಲೈನ್ ಕಡಿಯೋ ಸ್ವಿಚ್) ಇಲ್ಲದಿದ್ರೆ ಹಾಕಿಸಿ.

ಆಲ್ದೂರು_ಹೋಂಸ್ಟೇ
ಆರ್‌ಸಿಸಿಬಿ ಮಾತು ಬಂತಲ್ಲ, ನಂದೂ ಒಂದು ಗೋಳು. ಅತಿಥಿಗಳಿಗೆ ಅಂತ ಹೋದ ವರ್ಷ ಇಂಥದ್ದೇ ಫ್ರಿಜ್ ತಂದೆ. ಮಳೆಗಾಲ ಶುರುವಾದ ಮೇಲೆ ದಿನಕ್ಕೆರಡು ಸಲ ಆರ್‌ಸಿಸಿಬಿ ಬೀಳೋದು, ಹೆಚ್ಚುಕಮ್ಮಿ ಒಂದೇ ಅಂತರದಲ್ಲಿ. ಒಬ್ಬರು ಬಂದು "ಇದೇ ತಲೆನೋವು, ತೆಗೆದ್ಬಿಡೋಣ" ಅಂದ್ರು. ತೆಗೀಲಿಲ್ಲ. ಆಮೇಲೆ ಗೊತ್ತಾಯ್ತು, ಒಳಗೆ ಹಿಮ ಕರಗಿಸೋ ಹೀಟರಿಗೆ ತೇವ ಹೊಕ್ಕು ಲೀಕೇಜ್ ಆಗ್ತಿತ್ತು. ಹೀಟರ್ ಹೊತ್ಕೊಂಡಾಗೆಲ್ಲ ಬೀಳೋದು. ಅದನ್ನ ಬದಲಿಸಿದ ಮೇಲೆ ಒಂದು ಸಲವೂ ಬಿದ್ದಿಲ್ಲ.

ವೈರಿಂಗ್_ಅಣ್ಣ, ಅರಸೀಕೆರೆ
ಆ ಪುಣ್ಯಾತ್ಮ ತೆಗೆದಿದ್ರೆ ನಿಮ್ಮ ಅತಿಥಿಗಳೇ ಟೆಸ್ಟರ್ ಆಗ್ತಿದ್ರು.

ಆಲ್ದೂರು_ಹೋಂಸ್ಟೇ
ಐಸ್ ವಿಷಯದಲ್ಲಿ ನಾನೇ ಮಾಡಿದ ತಪ್ಪೂ ಹೇಳ್ಬಿಡ್ತೀನಿ, ಬೈಯ್ಯೋರು ಬೈಯ್ಯಿ. ನಮ್ಮಲ್ಲಿ ಗುಡ್ಡದ ಝರಿ ನೀರು ಪೈಪಲ್ಲಿ ಇಳಿದು ಬರುತ್ತೆ, ಎತ್ತರ ಜಾಸ್ತಿ, ಪ್ರೆಶರ್ ಭರ್ಜರಿ. ಫ್ರಿಜ್ಜಲ್ಲೇ ಫಿಲ್ಟರ್ ಇದೆ ಅಂತ ನೇರ ಕೊಟ್ಟೆ. ಕುಡಿಯೋಕೆ ಕಾಯಿಸಿದ ನೀರೇ ಕೊಡ್ತಿದ್ದೆ, ಆದ್ರೆ ಶರಬತ್ತಿಗೆ ಹಾಕೋ ಐಸ್ ಅದೇ ಹಸಿ ನೀರಿಂದು. ಜುಲೈಯಲ್ಲಿ ಬಂದಿದ್ದ ಒಂದು ಕುಟುಂಬಕ್ಕೆ ಇಡೀ ರಾತ್ರಿ ಹೊಟ್ಟೆ ಕೆಟ್ಟು, ಬೆಳಿಗ್ಗೆ ಮುಳ್ಳಯ್ಯನಗಿರಿ ಬದಲು ಆಸ್ಪತ್ರೆಗೆ ಹೋದ್ರು. ಐಸಿಂದಲೇ ಅಂತ ಯಾರೂ ಸಾಬೀತು ಮಾಡಿಲ್ಲ, ಆದ್ರೆ ನನಗೆ ಬೇರೆ ಕಾರಣ ಕಾಣಲಿಲ್ಲ.

ಹೆಪ್ಪುಗಟ್ಟಿದ್ರೆ ಕ್ರಿಮಿ ಸಾಯಲ್ಲ, ನಿದ್ದೆ ಮಾಡುತ್ತೆ ಅಷ್ಟೇ. ಆ ಫಿಲ್ಟರಲ್ಲಿ ಇರೋದು ಮುಖ್ಯವಾಗಿ ಇದ್ದಿಲು. ಕ್ಲೋರಿನ್ ವಾಸನೆ, ರುಚಿ ತೆಗೀಬಹುದು, ಹಸಿ ನೀರನ್ನ ಕುಡಿಯೋ ನೀರು ಮಾಡಲ್ಲ. ಈಗ ಮೊದಲು ಯುವಿ ಫಿಲ್ಟರ್, ಆಮೇಲೆ ಫ್ರಿಜ್ಜು. ಫ್ರಿಜ್ಜಿನ ಫಿಲ್ಟರನ್ನೂ ಆರು ತಿಂಗಳಿಗೊಮ್ಮೆ ಬದಲಿಸ್ತೀನಿ.

ಕೊಪ್ಪದ_ಅಮ್ಮಮ್ಮ
ಒಪ್ಪಿಕೊಂಡು ಬರೆದಿರಲ್ಲ, ದೊಡ್ಡ ಮನಸ್ಸು. ನಮ್ಮ ಮನೆಯ ಫ್ರಿಜ್ಜಿಗೆ ಬೇರೆ ಕತೆ. ಹಲಸಿನ ಹಣ್ಣಿನ ತೊಳೆ ಬಿಡಿಸಿ ಮುಚ್ಚಳ ಇಲ್ಲದ ಬಟ್ಟಲಲ್ಲಿ ಇಟ್ಟಿದ್ದೆ. ಮಾರನೇ ದಿನ ಮೊಮ್ಮಗ ನಿಂಬೆ ಪಾನಕಕ್ಕೆ ಐಸ್ ಹಾಕ್ಕೊಂಡು ಒಂದು ಗುಟುಕು ಕುಡಿದವನೇ "ಅಮ್ಮಮ್ಮ, ಇದು ಹಲಸಿನ ಪಾನಕ" ಅಂದ. ಒಂದು ವಾರ ಬಿದ್ದ ಐಸೆಲ್ಲ ಹಲಸಿನದೇ. ಕಳಲೆ ಇಟ್ಟಿದ್ದರೆ ಇನ್ನೇನಾಗುತ್ತಿತ್ತೋ.

ಬೇಲೂರು_ಬಾಲ
ಹಲಸಿನ ಐಸ್! ಹೋಂಸ್ಟೇಯವರೇ, ಮೆನುಗೆ ಸೇರಿಸಿ.

ಮೂಡಿಗೆರೆ_ಮಳೆ
ನಮ್ಮಲ್ಲಿ ಒಣಮೀನು. ಇನ್ನು ಹೇಳಲ್ಲ.

ಯಗಚಿ_ದಂಡೆ, ಚಿಕ್ಕಮಗಳೂರು
ಅದಕ್ಕೇ ಕಾಫಿ ಪುಡಿ ಫ್ರಿಜ್ಜಲ್ಲಿ ಇಡಬೇಡಿ ಅಂತ ಬಡ್ಕೊಳ್ಳೋದು. ವಾಸನೆನೂ ಹೀರುತ್ತೆ, ತೇವನೂ ಹೀರುತ್ತೆ.

ಆಲ್ದೂರು_ಹೋಂಸ್ಟೇ
ಗಾಳಿಯಾಡದ ಡಬ್ಬಿ ಆದ್ರೆ ಏನೂ ಆಗಲ್ಲ.

ಯಗಚಿ_ದಂಡೆ, ಚಿಕ್ಕಮಗಳೂರು
ದಿನಕ್ಕೆ ನಾಲ್ಕು ಸಲ ಮುಚ್ಚಳ ತೆಗೆದ್ರೆ ಅದ್ಯಾವ ಗಾಳಿಯಾಡದ ಡಬ್ಬಿ? ತಣ್ಣಗಿನ ಪುಡಿ ಮೇಲೆ ಹಬೆ ಕೂರುತ್ತೆ. ಕಾಫಿ ಸೀಮೆಯವರಾಗಿ ನೀವೇ ಹೀಗಂದ್ರೆ…

ಹಾಸನದ_ಹೈದ
ನಮ್ಮಮ್ಮ ಆಲೂಗಡ್ಡೆ ಇಡ್ತಾರೆ ಫ್ರಿಜ್ಜಲ್ಲಿ. ಪಲ್ಯ ಸಿಹಿ ಸಿಹಿ ಆಗುತ್ತೆ.

ಕಡೂರು_ಕೊಬ್ಬರಿ
ಹಾಸನದಲ್ಲಿ ಹುಟ್ಟಿ ಆಲೂಗಡ್ಡೆ ಫ್ರಿಜ್ಜಲ್ಲಿ ಇಡೋದಾ! ತಂಪಿಗೆ ಅದರೊಳಗಿನ ಪಿಷ್ಟ ಸಕ್ಕರೆ ಆಗುತ್ತೆ, ಎಣ್ಣೆಗೆ ಹಾಕಿದ್ರೆ ಬೇಗ ಕಪ್ಪಾಗುತ್ತೆ. ಗೋಣಿಚೀಲ, ಕತ್ತಲೆ ಮೂಲೆ, ಅಷ್ಟೇ ಸಾಕು.

ಪಾನಾ_ಪೈಪು
ದಾರಿಗೆ ಬನ್ನಿ. ಮೇಡಂ, ನೆಲ ಒದ್ದೆ ಆಗೋದು ಜಾಯಿಂಟ್‌ನಿಂದ ಇರಬೇಕು. ಕರೆಂಟಿನ ಕೆಲಸ ಮುಗಿದ ಮೇಲೆ ಬಿಳಿ ಪೈಪಿನ ತುದಿ ನೋಡಿ. ಅದನ್ನ ನೇರವಾಗಿ ಕತ್ತರಿಸಿರಬೇಕು. ಕತ್ತರಿಯಲ್ಲಿ ಓರೆ ಕತ್ತರಿಸಿ ತುರುಕಿದ್ರೆ ಒಂದು ಕಡೆ ಸೋರೇ ಸೋರುತ್ತೆ. ಒತ್ತಿ ಸಿಕ್ಕಿಸೋ ಕಪ್ಲರ್ ಆದ್ರೆ ಪೂರ್ತಿ ಒಳಗೆ ಹೋಗಬೇಕು, ಅರ್ಧಕ್ಕೆ ನಿಂತ್ರೂ ಗಟ್ಟಿಯಾಗಿದೆ ಅನ್ಸುತ್ತೆ, ಮೋಸ. ಗೋಡೆ ಕಡೆ ಫ್ರಿಜ್ಜಿಗೇ ಅಂತ ಬೇರೆ ಸ್ಟಾಪ್ ವಾಲ್ವ್ ಇರಲಿ, ಫ್ರಿಜ್ ಎಳೀದೇ ಕೈಗೆ ಸಿಗೋ ಜಾಗದಲ್ಲಿ. ಊರಿಗೆ ಹೋಗುವಾಗ ಅದನ್ನ ಮುಚ್ಚಿ ಹೋಗಿ. ಪೈಪು ಹಿಂದೆ ಒಂದೆರಡು ಸುತ್ತು ಸಡಿಲ ಇದ್ರೆ ಫ್ರಿಜ್ ಮುಂದೆ ಎಳೆದಾಗ ಕಿತ್ತು ಬರಲ್ಲ.

ಇಲಿ ಕಾಟ ಇದ್ರೆ ಪ್ಲಾಸ್ಟಿಕ್ ಬೇಡ, ಸ್ಟೀಲ್ ಹೆಣಿಗೆ ಪೈಪು ಹಾಕಿಸಿ. ಹೊಳೆನರಸೀಪುರದ ಒಂದು ಮನೇಲಿ ಇಲಿ ಕಡಿದು ರಾತ್ರಿಯಿಡೀ ನೀರು ಹರಿದು, ಬೆಳಿಗ್ಗೆ ಅಕ್ಕಿ ಮೂಟೆ ತಳ ಅನ್ನ ಆಗೋ ಹಾಗಿತ್ತು.

ಸಾಲಗಾಮೆ_ರೋಡ್_ಮೇಡಂ, ಹಾಸನ
ಪ್ರೆಶರ್‌ಗೆ ಏನು ಮಾಡ್ಲಿ? ಆರ್‌ಓ ಮೆಷಿನ್ನಿಂದ ಕೊಡಿ ಅಂತ ನಾದಿನಿ ಹೇಳ್ತಾಳೆ.

ಪಾನಾ_ಪೈಪು
ಗೋಡೆಗೆ ನೇತು ಹಾಕೋ ಆರ್‌ಓ ನಲ್ಲಿಯಲ್ಲಿ ಪ್ರೆಶರ್ ಸಿಂಟೆಕ್ಸ್‌ಗಿಂತಲೂ ಕಮ್ಮಿ ಮೇಡಂ. ಅದರ ಡಬ್ಬಿಯಿಂದ ಸುಮ್ನೆ ಸುರಿಯೋದು ಅಷ್ಟೇ. ಆರ್‌ಓ ನೀರೇ ಬೇಕಂದ್ರೆ ನಡುವೆ ಸಣ್ಣ ಪಂಪು, ಜೊತೆಗೆ ಚಿಕ್ಕ ಪ್ರೆಶರ್ ಟ್ಯಾಂಕು ಬೇಕು. ಆ ಪಂಪಿಗೆ ಪ್ರೆಶರ್ ಸ್ವಿಚ್ ಇರಲೇಬೇಕು. ಇಲ್ಲದಿದ್ರೆ ಫ್ರಿಜ್ಜಿನ ವಾಲ್ವ್ ಮುಚ್ಚಿದ ಮೇಲೂ ಪಂಪು ತಳ್ತಾನೇ ಇರುತ್ತೆ, ಎಲ್ಲೋ ಒಂದು ಕಡೆ ಪೈಪು ಹಾರುತ್ತೆ. ಇನ್ನೊಂದು ದಾರಿ ಮನೆಗೆಲ್ಲ ಸೇರಿ ಪ್ರೆಶರ್ ಪಂಪು. ಷವರೂ ಚೆನ್ನಾಗಿ ಬರುತ್ತೆ, ಆದ್ರೆ ಹಳೇ ಜಾಯಿಂಟುಗಳೆಲ್ಲ ಬಣ್ಣ ತೋರಿಸ್ತವೆ.

ಸೋಲಾರ್ ಬಿಸಿನೀರಿನ ಪೈಪಿಗೆ ಮಾತ್ರ ಜೋಡಿಸೋಕೆ ಬಿಡಬೇಡಿ. ಸಿಂಕ್ ಕೆಳಗೆ ಎರಡೂ ಅಕ್ಕಪಕ್ಕ ಇರುತ್ತೆ, ಅವಸರದಲ್ಲಿ ಒಂದರ ಬದಲು ಇನ್ನೊಂದು ಆಗುತ್ತೆ.

ಕಡೂರು_ಕೊಬ್ಬರಿ
ಅಂದ್ರೆ ಐಸ್ ಮೇಕರಿಗೆ ಬಿಸಿನೀರು ಸ್ನಾನ.

ಶೃಂಗೇರಿ_ಸೀತಾಳೆ
ನನಗೊಂದು ಭಯ. ನಮ್ಮ ಹೊಸ ಫ್ರಿಜ್ಜಿನ ಹಿಂದೆ ಬೆಂಕಿ ಚಿತ್ರದ ಹಳದಿ ತ್ರಿಕೋನ ಇದೆ. ಒಳಗೆ ಅಡುಗೆ ಗ್ಯಾಸ್ ಥರದ್ದೇ ತುಂಬಿರ್ತಾರಂತೆ ಹೌದಾ?

ವೈರಿಂಗ್_ಅಣ್ಣ, ಅರಸೀಕೆರೆ
ಹೌದಮ್ಮ, ಆರ್-600ಎ, ಐಸೋಬ್ಯುಟೇನ್. ಅಡುಗೆ ಗ್ಯಾಸಿನ ನೆಂಟನೇ. ಆದ್ರೆ ಮನೆ ಫ್ರಿಜ್ಜಲ್ಲಿ ಇರೋದು ಗ್ರಾಂ ಲೆಕ್ಕ, ನಿಮ್ಮ ಸಿಲಿಂಡರಲ್ಲಿ 14.2 ಕೆಜಿ. ಓಝೋನ್ ಪದರ ಹಾಳು ಮಾಡೋ ಹಳೇ ಗ್ಯಾಸುಗಳನ್ನ 1987ರ ಮಾಂಟ್ರಿಯಲ್ ಒಪ್ಪಂದ ಆದ ಮೇಲೆ ಒಂದೊಂದಾಗಿ ಬಿಟ್ಟು ಬಂದಿದ್ದು, ಅದರ ಮುಂದುವರಿಕೆ ಇದು.

ಹಿಮ ಕೆರೆಯೋಕೆ ಚಾಕು, ಮೊಳೆ ಹಾಕಬೇಡಿ, ಒಳಗಿನ ಕೊಳವೆ ತೂತಾದ್ರೆ ಹೊರಬರೋದು ಇದೇ. ಸುತ್ತ ಗಾಳಿಯಾಡೋಕೆ ಪುಸ್ತಕದಲ್ಲಿ ಹೇಳಿದಷ್ಟು ಜಾಗ ಬಿಡಿ. ಯಾವತ್ತಾದ್ರೂ ಗ್ಯಾಸ್ ಸೋರಿದ ಅನುಮಾನ ಬಂದ್ರೆ ಸ್ವಿಚ್ ಹಾಕೋದೂ ಬೇಡ ತೆಗೆಯೋದೂ ಬೇಡ, ಕಿಟಕಿ ತೆರೆದು ಹೊರಗೆ ಬನ್ನಿ. ರಿಪೇರಿಗೆ ಬಂದವನು "ಇರೋ ಗ್ಯಾಸ್ ಹಾಕ್ತೀನಿ ಬಿಡಿ, ಎಲ್ಲಾ ಒಂದೇ" ಅಂದ್ರೆ ಚಹಾ ಕೊಟ್ಟು ಕಳಿಸಿ.

ಮೂಡಿಗೆರೆ_ಮಳೆ
ಸ್ಟೆಬಿಲೈಜರ್ ಬೇಕಾ ಬೇಡ್ವಾ? "ಇನ್ವರ್ಟರ್ ಕಂಪ್ರೆಸರ್, ಬೇಡ" ಅಂದ್ರು ಅಂಗಡಿಲಿ. ಫೆಬ್ರವರಿ, ಮಾರ್ಚಲ್ಲಿ ತೋಟಗಳಲ್ಲಿ ಕಾಫಿಗೆ ಸ್ಪ್ರಿಂಕ್ಲರ್ ಶುರುವಾದ್ರೆ ನಮ್ಮಲ್ಲಿ ಬಲ್ಬು ಮಿಣುಕುಹುಳ ಆಗುತ್ತೆ.

ಆಲ್ದೂರು_ಹೋಂಸ್ಟೇ
ಪುಸ್ತಕದಲ್ಲಿ ಎಷ್ಟರಿಂದ ಎಷ್ಟು ವೋಲ್ಟ್ ಅಂತ ಬರೆದಿದೆಯೋ ನೋಡಿ, ನಿಮ್ಮನೆ ಸಂಜೆ ವೋಲ್ಟೇಜ್ ಅಳೆದು ನೋಡಿ, ತೀರ್ಮಾನ ಮಾಡಿ. ನಾನು ಹಾಕಿದ್ದೀನಿ. ಆದ್ರೆ ಸಿಡಿಲಿಗೆ ಸ್ಟೆಬಿಲೈಜರ್ ತಡೆಯಲ್ಲ. ಏಪ್ರಿಲ್, ಮೇ ಗುಡುಗಿನ ಮಳೆ ದೂರದಲ್ಲಿ ಕೇಳಿಸಿದ ಕೂಡಲೇ ನಮ್ಮಲ್ಲಿ ಪ್ಲಗ್ ಹೊರಗೆ. ತಲೆ ಮೇಲೆ ಬಂದ ಮೇಲೆ ಕೀಳೋಕೆ ಓಡಬೇಡಿ.

ಕೊಪ್ಪದ_ಅಮ್ಮಮ್ಮ
ನಮ್ಮ ಕಡೆ ಮರ ಬಿದ್ದರೆ ಮೆಸ್ಕಾಂನವರು ಬರುವವರೆಗೆ ಎರಡು ದಿನವೂ ಆಗುವುದುಂಟು. ಬಾಗಿಲು ತೆಗೆಯದಿದ್ದರೆ ತುಂಬಿದ ಫ್ರೀಜರ್ 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ ತಡೆಯುತ್ತದೆ. ಕೆಳಗಿನ ಹಾಲು ಮೊಸರಿನ ಭಾಗ ನಾಲ್ಕೇ ಗಂಟೆ. ಊರಿಗೆ ಹೋಗುವಾಗ ನಾನೊಂದು ಉಪಾಯ ಮಾಡುತ್ತೇನೆ. ಸಣ್ಣ ಸ್ಟೀಲ್ ಬಟ್ಟಲಲ್ಲಿ ನೀರು ಗಟ್ಟಿ ಮಾಡಿ, ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು ಫ್ರೀಜರಲ್ಲೇ ಬಿಟ್ಟು ಹೋಗುವುದು. ಬಂದಾಗ ನಾಣ್ಯ ಮೇಲೇ ಇದ್ದರೆ ಚಿಂತೆ ಇಲ್ಲ. ತಳಕ್ಕೆ ಇಳಿದು ಅಲ್ಲೇ ಹೆಪ್ಪುಗಟ್ಟಿದ್ದರೆ ನಡುವೆ ಎಲ್ಲಾ ಕರಗಿ ಮತ್ತೆ ಗಟ್ಟಿಯಾಗಿದೆ ಎಂದರ್ಥ, ಒಳಗಿನದನ್ನು ಗುಂಡಿಗೆ ಹಾಕುತ್ತೇನೆ.

ಬೇಲೂರು_ಬಾಲ
ಅಮ್ಮಮ್ಮ, ಸೂಪರ್. ಇದೊಂದಕ್ಕೇ ಇವತ್ತು ಇಲ್ಲಿ ಬಂದಿದ್ದು ಸಾರ್ಥಕ.

ಶೃಂಗೇರಿ_ಸೀತಾಳೆ
ಮೇಡಂ, ಹಳೇ ಫ್ರಿಜ್ ವರಾಂಡದಲ್ಲಿದೆ ಅಂದ್ರಿ. ಮನೇಲಿ ಪುಟ್ಟ ಮಕ್ಕಳು ಬರ್ತಾರಾ? ಬಂದ್ರೆ ಅದರ ಬಾಗಿಲು ಬಿಚ್ಚಿಸಿ ಬೇರೆ ಇಡಿ. ಕಣ್ಣಾಮುಚ್ಚಾಲೆ ಅಂತ ಒಳಗೆ ಕೂತ್ರೆ ಉಸಿರಾಡೋಕೆ ಗಾಳಿ ಇರಲ್ಲ, ಕೂಗಿದ್ದೂ ಕೇಳಲ್ಲ.

ಸಾಲಗಾಮೆ_ರೋಡ್_ಮೇಡಂ, ಹಾಸನ
ಮೊಮ್ಮಗ ರಜಕ್ಕೆ ಬರ್ತಾನೆ. ಎಂಥಾ ಮಾತು ನೆನಪು ಮಾಡಿದ್ರಿ. ಈಗಲೇ ನಮ್ಮನೆಯವರ ಕೈಲಿ ಬಿಚ್ಚಿಸ್ತೀನಿ.

ಸಾಲಗಾಮೆ_ರೋಡ್_ಮೇಡಂ, ಹಾಸನ
ಎಂಟು ದಿನ ಆದ ಮೇಲೆ ಬರೀತಿದ್ದೀನಿ. ಮೊದಲು ಎಲೆಕ್ಟ್ರಿಷಿಯನ್ ಬಂದ್ರು. ಫೇಸ್‌ನಿಂದ ಅರ್ಥ್‌ಗೆ ಮೀಟರ್ ಹಿಡಿದ್ರೆ 90 ಚಿಲ್ಲರೆ ಮಾತ್ರ. ಅರ್ಥ್ ಗುಂಡಿ ಎಲ್ಲಿದೆ ಅಂತ ಹುಡುಕಿದ್ರೆ ಅದರ ಮೇಲೆ ನಾನೇ ತುಳಸಿಕಟ್ಟೆ ಪಕ್ಕದ ಹೂವಿನ ಕುಂಡ ಸಾಲಾಗಿ ಇಟ್ಟಿದ್ದೆ! ವೈರು ತುಕ್ಕು ಹಿಡಿದು ಕೈಯಲ್ಲಿ ಬಂತು. ಹೊಸ ಗುಂಡಿ ತೋಡಿಸಿ, ಆರ್‌ಸಿಸಿಬಿನೂ ಹಾಕಿಸಿದ್ದಾಯ್ತು. ಆಮೇಲೆ ಪ್ಲಂಬರ್. ಪೈಪಿನ ತುದಿ ಪಾನಾ ಅವರು ಹೇಳಿದ ಹಾಗೆ ಓರೆ, ಕಬ್ಬು ಕೊಚ್ಚಿದ ಹಾಗೆ. ಅದನ್ನ ಬದಲಿಸಿ, ಆರ್‌ಓ ಆದ ಮೇಲೆ ಸಣ್ಣ ಪಂಪು, ಟ್ಯಾಂಕು, ಸ್ವಿಚ್ಚು ಎಲ್ಲಾ ಕೂರಿಸಿದ್ರು. ಪುಸ್ತಕದಲ್ಲಿ ಹೇಳಿದ್ದಾರೆ ಅಂತ ಮೊದಲ ದಿನದ ಐಸೆಲ್ಲ ಗಿಡಕ್ಕೆ ಸುರಿದೆ.

ಈಗ ಒಂದೇ ಅಳತೆಯ ಐಸ್, ಗಾಜಿನ ಹಾಗೆ. ನಡುವೆ ಮಾತ್ರ ಸ್ವಲ್ಪ ಬೆಳ್ಳಗೆ. ಎರಡನೇ ರಾತ್ರಿ ಎರಡು ಗಂಟೆಗೆ ಅಡುಗೆಮನೇಲಿ ದಡದಡ ಅಂತ ಶಬ್ದ, ನಮ್ಮನೆಯವರು ಕಳ್ಳ ಅಂತ ಟಾರ್ಚು ಕೋಲು ಹಿಡ್ಕೊಂಡು ಹೋದ್ರು. ಐಸ್ ಬಿದ್ದದ್ದು.

ಪಾನಾ_ಪೈಪು
ನಡುವೆ ಬಿಳಿ ಇರೋದು ನೀರಲ್ಲಿದ್ದ ಗಾಳಿ ಮೇಡಂ, ಕೆಡುಕಿಲ್ಲ. ರಾತ್ರಿ ಶಬ್ದ ಬೇಡಾಂದ್ರೆ ಐಸ್ ಮೇಕರ್ ಪಕ್ಕ ಒಂದು ತಂತಿ ತೋಳು ಇದ್ರೆ ಮೇಲಕ್ಕೆತ್ತಿ ಇಡಿ, ಇಲ್ಲದಿದ್ರೆ ಬಾಗಿಲ ಮೇಲಿನ ಬಟನ್ನಲ್ಲೇ ಆಫ್ ಆಗುತ್ತೆ.

ಹಾಸನದ_ಹೈದ
ನಮ್ಮನೇದೂ ಸರಿ ಮಾಡಿಸಿದೆ ಅಣ್ಣ. ನ್ಯೂಟ್ರಲ್ ಸ್ಕ್ರೂ ಸುಟ್ಟು ಕಪ್ಪಾಗಿತ್ತು. ಅಮ್ಮನಿಗೆ ಇನ್ನೂ ಹೇಳಿಲ್ಲ.

ವೈರಿಂಗ್_ಅಣ್ಣ, ಅರಸೀಕೆರೆ
👍

ಕೊಪ್ಪದ_ಅಮ್ಮಮ್ಮ
ಅಂತೂ ಮಜ್ಜಿಗೆಗೆ ಐಸ್ ಹಾಕಿ ಕುಡಿದಿರಾ?

ಸಾಲಗಾಮೆ_ರೋಡ್_ಮೇಡಂ, ಹಾಸನ
ಎಲ್ಲಿ! ಗಂಟಲು ಕೆಡುತ್ತೆ ಅಂತ ನಮ್ಮತ್ತೆ ಒಬ್ಬರಿಗೂ ಮುಟ್ಟೋಕೆ ಬಿಡ್ತಿಲ್ಲ. ಡಬ್ಬಿ ತುಂಬಿ ನಿಂತಿದೆ.